ರಣರಂಗವನ್ನು ತಲುಪಿದ ಓಲೆಗಳು

ಅನ್ನ ಹಾಗೂ ಮದ್ದುಗುಂಡುಗಳಷ್ಟೇ ಸೈನಿಕನಿಗೆ ಅವಶ್ಯವಾದುದು ಮನೆಯಿಂದ ಬರುವ ಕಾಗದ. ದೂರದೇಶದಲ್ಲಿ ಮೃತ್ಯುವಿಗೆ ಎದುರಾಗಿ ನಿಂತವನಿಗೆ ಮನೆಯವರ ಕ್ಷೇಮಸಮಾಚಾರ ತಿಳಿಯದಿದ್ದರೆ, ದೇಹ ದೃಢವಾಗಿದ್ದರೂ ಮನಸ್ಸು ಕುಗ್ಗುತ್ತದೆ. ಎರಡನೆಯ ಮಹಾಯುದ್ಧದ ಕೊನೆಯ ಘಟ್ಟದಲ್ಲಿ ಯೂರೋಪಿನಲ್ಲಿದ್ದ ಅಮೆರಿಕದ ಸೈನಿಕರಿಗೆ ಒದಗಿದ್ದು ಇಂಥ ಸ್ಥಿತಿಯೇ.

1944ರ ಜೂನ್‌ನಲ್ಲಿ ನಾರ್ಮಂಡಿಯ ತೀರದಲ್ಲಿಳಿದ ಸೇನೆ ಮುನ್ನಡೆದಂತೆಲ್ಲ ಸೈನಿಕರ ನೆಲೆಗಳೂ ಬದಲಾಗುತ್ತಿದ್ದವು. ಅವರನ್ನು ಹಿಂಬಾಲಿಸಲಾರದ ಅಂಚೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ರಾಶಿ ರಾಶಿಯಾಗಿ ಬಿದ್ದಿತು. ಕಾಗದ, ಪಾರ್ಸೆಲುಗಳೆಲ್ಲ ಸೇರಿ ಸುಮಾರು 1 ಕೋಟಿ 70 ಲಕ್ಷವೆಂದು ಅಂದಾಜು. ಅಕ್ಕರೆಯಿಂದ ಕಳುಹಿಸಿದ ತಿಂಡಿಗಳು ಇಲಿಗಳ ಪಾಲಾಗುತ್ತಿದ್ದವು.

1945ರ ಫೆಬ್ರುವರಿಯಲ್ಲಿ ಈ ರಾಶಿಯನ್ನು ಕರಗಿಸಲು ಬಂದದ್ದು ಅಮೆರಿಕನ್ ಸೇನೆಯ 6888ನೆಯ ಅಂಚೆ ದಳ. ಸುಮಾರು 855 ಮಹಿಳೆಯರ ಈ ದಳದಲ್ಲಿ ಬಹುತೇಕ ಎಲ್ಲರೂ ಕಪ್ಪು ಜನಾಂಗದವರು. ದಳದ ನಾಯಕಿ ಚಾರಿಟಿ ಆಡಮ್ಸ್ ಅವರಿಗೆ ಆಗ 26 ವರ್ಷ. ವರ್ಣಭೇದವೇ ಸೇನೆಯ ಕಟ್ಟಳೆಯಾಗಿದ್ದ ಕಾಲವದು. ಇವರ ವಸತಿ, ಊಟಗಳೂ ಪ್ರತ್ಯೇಕ.

ಬೆಚ್ಚಗಿರಿಸುವ ವ್ಯವಸ್ಥೆಯಿಲ್ಲದ ಉಗ್ರಾಣಗಳಲ್ಲಿ, ವೈಮಾನಿಕ ದಾಳಿಯ ಭಯದಿಂದ ಕಿಟಕಿಗಳಿಗೆ ಮಸಿ ಬಳಿದ ಕತ್ತಲಲ್ಲಿ, ಅವರು ದಿನಕ್ಕೆ ಮೂರು ಪಾಳಿಗಳಲ್ಲಿ ದುಡಿದರು. ಪ್ರತಿ ಪಾಳಿಯಲ್ಲಿ ವಿಲೇವಾರಿಯಾಗುತ್ತಿದ್ದುದು ಸುಮಾರು 65,000 ಟಪಾಲು. ಸೈನಿಕರ ವಿವರಗಳುಳ್ಳ ಸುಮಾರು 70 ಲಕ್ಷ ಕಾರ್ಡುಗಳೇ ಅವರ ಆಧಾರ. ರಾಬರ್ಟ್ ಸ್ಮಿತ್ ಎಂಬ ಹೆಸರಿನವರೇ ಸಾವಿರಾರು ಮಂದಿ! ಬ್ಯಾಂಕಿನಲ್ಲಿ ಒಂದೇ ಹೆಸರಿನ ಖಾತೆದಾರರನ್ನು ಖಾತೆಯ ಸಂಖ್ಯೆಯಿಂದ ಬೇರ್ಪಡಿಸುವಂತೆ, ಇವರನ್ನು ಸೇನೆಯ ಕ್ರಮಸಂಖ್ಯೆಯಿಂದ ಗುರುತಿಸಬೇಕಾಗಿತ್ತು. ಕೆಲವು ಲಕೋಟೆಗಳ ಮೇಲಿದ್ದುದು ಮುದ್ದಿನ ಹೆಸರು ಮಾತ್ರ. ಮಡಿದವರ ಹೆಸರಿಗೆ ಬಂದ ಓಲೆಗಳನ್ನು ಬರೆದವರಿಗೇ ಹಿಂದಿರುಗಿಸುವ ಕಠೋರ ಕರ್ತವ್ಯವೂ ಅವರದೇ.

“ಅಂಚೆಯಿಲ್ಲದೆ ಸ್ಥೈರ್ಯವಿಲ್ಲ” ಎಂಬುದು ಅವರ ಘೋಷವಾಕ್ಯ. ಆರು ತಿಂಗಳ ಗಡುವಿನ ಕೆಲಸ ಮೂರೇ ತಿಂಗಳಲ್ಲಿ ಮುಗಿಯಿತು. ಅನಂತರ ಫ್ರಾನ್ಸಿನ ರೂಆನ್, ಪ್ಯಾರಿಸ್ ನಗರಗಳಲ್ಲಿಯೂ ಇದೇ ಸೇವೆ ನಡೆಯಿತು.

1946ರಲ್ಲಿ ಸ್ವದೇಶಕ್ಕೆ ಮರಳಿದ ಇವರಿಗೆ ಮೆರವಣಿಗೆಯಾಗಲಿ ಸನ್ಮಾನವಾಗಲಿ ದೊರೆಯಲಿಲ್ಲ. ಅಮೆರಿಕದ ಸಂಸತ್ತು ಈ ದಳಕ್ಕೆ ಚಿನ್ನದ ಪದಕ ನೀಡಲು ಶಾಸನ ಮಾಡಿದ್ದು 2022ರಲ್ಲಿ. ಚಾರಿಟಿ ಆಡಮ್ಸ್ ಅವರು 2002ರಲ್ಲಿಯೇ ತೀರಿಕೊಂಡಿದ್ದರು. ಉಳಿದವರಲ್ಲಿಯೂ ಬದುಕಿದ್ದವರು ಬೆರಳೆಣಿಕೆಯಷ್ಟು.

ಹುಟ್ಟೂರನ್ನು ತೊರೆದು ಪರಸ್ಥಳದಲ್ಲಿ ನೆಲಸಿದವರಿಗೆ ಮನೆಯ ಕಾಗದದ ಬೆಲೆಯನ್ನು ವಿವರಿಸಬೇಕಾಗಿಲ್ಲ. ಗಾಯಕ್ಕೆ ವೈದ್ಯರು ಔಷಧ ಹಚ್ಚಿದರೆ, ಕಾತರದಿಂದ ಕುಗ್ಗಿದ ಮನಸ್ಸಿಗೆ ಈ ಮಹಿಳೆಯರು ಔಷಧವನ್ನು ತಲುಪಿಸಿದರು. ತಮ್ಮನ್ನು ಸಮಾನರೆಂದು ಕಾಣದ ಸೇನೆಯ ಪ್ರತಿಯೊಬ್ಬ ಸೈನಿಕನನ್ನೂ ಹೆಸರು ಹಿಡಿದು ಹುಡುಕಿದ್ದೇ ಅವರ ಹಿರಿಮೆ.