ನೆಗಡಿಯಲ್ಲದ ನೆಗಡಿ

ನಮ್ಮ ಸಕಲೇಶಪುರ, ಆಲೂರು ಸೀಮೆಗಳಲ್ಲಿ ಬಾಲಿಕೆಯೊಬ್ಬಳು ಸೀನಿದೊಡನೆ "ಮಳೆಯಲ್ಲಿ ನೆನೆದಳು, ಶೀತವಾಯಿತು" ಎನ್ನುವುದು ವಾಡಿಕೆ. ಬಹುಮಟ್ಟಿಗೆ ಅದು ನೆಗಡಿಯೇ ಆಗಿರುವುದು. ಆದರೆ ಮಳೆಯು ಹಿಂದೆ ಸರಿದು, ಗುಡ್ಡದ ಹುಲ್ಲು ಹೂ ತಳೆಯುವ ದಿನಗಳಲ್ಲಿ ವಾರಗಟ್ಟಲೆ ಸೀನುವ ಮಕ್ಕಳೂ ಉಂಟು. ಈ ಬಾಧೆಗೆ ಇಂಗ್ಲಿಷಿನಲ್ಲಿ 'ಹೇ ಫೀವರ್', ಅಂದರೆ ಒಣಹುಲ್ಲಿನ ಜ್ವರ, ಎಂದು ಹೆಸರು. ಹೆಸರು ಹೀಗಿದ್ದರೂ ಇದರಲ್ಲಿ ಜ್ವರವಿಲ್ಲ.

1819ರಲ್ಲಿ ಲಂಡನ್ನಿನ ವೈದ್ಯ ಜಾನ್ ಬೋಸ್ಟಾಕನು ತನಗಿದ್ದ ಈ ಬಾಧೆಯನ್ನೇ ವರ್ಣಿಸಿದನು. 1873ರಲ್ಲಿ ಮ್ಯಾಂಚೆಸ್ಟರಿನ ಚಾರ್ಲ್ಸ್ ಬ್ಲ್ಯಾಕ್ಲಿಯು ತನ್ನ ಮೇಲೆಯೇ ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿ, ಹುಲ್ಲಿನ ಪರಾಗವೇ ಇದಕ್ಕೆ ಮೂಲವೆಂದು ತೋರಿಸಿದನು. ಪರಾಗವು ವಿಷವಲ್ಲ, ಕೆಲವರ ಶರೀರವು ಅದನ್ನು ಶತ್ರುವೆಂದು ಭ್ರಮಿಸಿ ಹಿಸ್ಟಮೀನ್ ಎಂಬ ದ್ರವ್ಯವನ್ನು ಹೊರಗೆಡಹುವುದರಿಂದ ಮೂಗು ಕಣ್ಣುಗಳು ಕೆರಳುವುವು.

ಇದನ್ನು ಗುರುತಿಸುವುದೆಂತು? ಮೊದಲನೆಯದು ತುರಿಕೆ: ಮೂಗು, ಕಣ್ಣು, ಅಂಗುಳ ಮೂರೂ ತುರಿಸುವುವು. ಸೀನುಗಳು ಒಂದರ ಹಿಂದೊಂದು ಬರುವುವು, ಮೂಗಿನಿಂದ ತಿಳಿನೀರು ಸುರಿಯುವುದು, ಕಣ್ಣು ಕೆಂಪಾಗುವುದು. ಅಂಗೈಯಿಂದ ಮೂಗನ್ನು ಮೇಲಕ್ಕೆ ಉಜ್ಜಿ ಉಜ್ಜಿ ಅಲ್ಲೊಂದು ಅಡ್ಡಗೆರೆ ಮೂಡುವುದೂ ಉಂಟು. ನೆಗಡಿಯಾದರೋ ಗಂಟಲುನೋವು, ಮೈಕೈನೋವುಗಳೊಡನೆ ಬಂದು, ಸಾಮಾನ್ಯವಾಗಿ 7ರಿಂದ 10 ದಿನಗಳಲ್ಲಿ ಇಳಿಯುವುದು, ನೆರೆಯವರಿಗೂ ಅಂಟುವುದು. ಪರಾಗದ ಬಾಧೆ ಯಾರಿಗೂ ಅಂಟದು. ಗಾಳಿಯಲ್ಲಿ ಪರಾಗವಿರುವವರೆಗೆ ಇದ್ದು, ಮರುವರ್ಷ ಅದೇ ಕಾಲಕ್ಕೆ ಮರಳುವುದು.

ಇದನ್ನರಿಯದೆ ನಾವೂ ಒಮ್ಮೆ ತಪ್ಪಿದೆವು. ವಿದ್ಯಾರ್ಥಿನಿಯೊಬ್ಬಳನ್ನು, ಇತರರಿಗೆ ಅಂಟೀತೆಂದು ಕಡೆಯ ಬೆಂಚಿನಲ್ಲಿ ಒಂಟಿಯಾಗಿ ಕೂಡಿಸಿದೆವು. ಮೂಗು ಕಟ್ಟಿ ರಾತ್ರಿ ನಿದ್ರೆಯಿಲ್ಲದೆ ತರಗತಿಯಲ್ಲಿ ತೂಕಡಿಸಿದುದಕ್ಕೆ ಗದರಿಸಿದೆವು. ಮರುವರ್ಷ ಅದೇ ತಿಂಗಳಲ್ಲಿ ಅವಳ ಗೈರುಹಾಜರಿಗಳು ಸಾಲುಗಟ್ಟಿದಾಗ ಹಾಜರಿ ಪುಸ್ತಕವೇ ನಮಗೆ ಪಾಠ ಹೇಳಿತು.

ಆದುದರಿಂದ ತಾಯಂದಿರು ಬಾಧೆ ತೊಡಗಿದ ದಿನವನ್ನೂ ಬಿಟ್ಟ ದಿನವನ್ನೂ ಬರೆದಿಟ್ಟು ವೈದ್ಯರಿಗೆ ತೋರಿಸಬೇಕು. ಮಳೆಗಾಲದಲ್ಲಿ ಮನೆಯೊಳಗೇ ಸೀನು ಹೆಚ್ಚಿದರೆ ಗೋಡೆಯ ಬೂಷ್ಟು, ಹಾಸಿಗೆಯ ಧೂಳುಗಳನ್ನು ಸಂಶಯಿಸತಕ್ಕದ್ದು. ಹೊರಗಿನಿಂದ ಬಂದ ಮಗುವಿಗೆ ಮುಖ ತೊಳೆಸಿ ಉಡುಪು ಬದಲಿಸುವುದು ಹಿತ. ಕೆಲವು ಮಾತ್ರೆಗಳು ತೂಕಡಿಕೆ ತರುವುದರಿಂದ, ಪರೀಕ್ಷೆ ಸಮೀಪಿಸಿದಾಗ ವೈದ್ಯರನ್ನು ಕೇಳದೆ ಕೊಡಬಾರದು. ಎದೆಯಲ್ಲಿ ಸುಯ್ಯೆಂಬ ಶಬ್ದವೋ ಉಬ್ಬಸವೋ ಕಂಡರಂತೂ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಸೀನುವ ಮಗುವನ್ನು ದೂರ ಕೂಡಿಸುವ ಮುನ್ನ, ಹೋದ ವರ್ಷ ಇದೇ ತಿಂಗಳಲ್ಲಿ ಆಕೆ ಹೇಗಿದ್ದಳೆಂದು ಒಮ್ಮೆ ನೆನೆಯೋಣ.