ಕಿವಿಯ ಯಂತ್ರಕ್ಕೂ ಬೇಕು ನಿತ್ಯೋಪಚಾರ

ಕಣ್ಣು ಮಂಜಾದರೆ ಮನುಷ್ಯ ತಾನೇ ವೈದ್ಯರಲ್ಲಿಗೆ ಬಂದು ಹೇಳಿಕೊಳ್ಳುತ್ತಾನೆ. ಕಿವಿ ಮಂದವಾದರೆ, ಈಗಿನ ಹುಡುಗರು ಬಾಯೊಳಗೇ ಮಾತನಾಡುತ್ತಾರೆಂದು ದೂರುತ್ತಾನೆ. ಆದ್ದರಿಂದಲೇ ನಮ್ಮ ಚಿಕಿತ್ಸಾಲಯಕ್ಕೆ ಬರುವ ಮಂದಶ್ರವಣದ ಹಿರಿಯರು ಬಹುತೇಕ ಒಬ್ಬರೇ ಬರುವುದಿಲ್ಲ. ಮಗಳೋ ಸೊಸೆಯೋ ಒತ್ತಾಯದಿಂದ ಕರೆತಂದಿರುತ್ತಾರೆ.

ಮುಪ್ಪಿನ ಶ್ರವಣನಷ್ಟದಲ್ಲಿ ಮೊದಲು ಕುಂದುವುದು ತಾರಕ ಧ್ವನಿಗಳು. ಅ, ಓ, ಉ ಮುಂತಾದ ಸ್ವರಗಳು ಕಿವಿಗೆ ತಲುಪುತ್ತವೆ. ಸ, ಶ, ತ, ಕ, ಪ ಮುಂತಾದ ಮೆಲುವ್ಯಂಜನಗಳು ಜಾರಿಹೋಗುತ್ತವೆ. ಸೊಪ್ಪು ತನ್ನಿರೆಂದರೆ ಉಪ್ಪು ತರುತ್ತಾರೆ. "ಸದ್ದು ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ" ಎಂದು ಅವರು ಹೇಳುವುದು ಅಕ್ಷರಶಃ ನಿಜ. ಮನೆಯವರು ಇದನ್ನು ಮರೆವೆಂದೋ ಮೊಂಡುತನವೆಂದೋ ತಿಳಿಯುತ್ತಾರೆ. ಕ್ರಮೇಣ ಹಿರಿಯರು ಪ್ರವಚನದಲ್ಲಿ ಹಿಂದಿನ ಸಾಲಿಗೆ ಸರಿಯುತ್ತಾರೆ, ಮದುವೆಮನೆಗೆ ಹೋಗುವುದನ್ನು ಬಿಡುತ್ತಾರೆ, ಊಟದ ಪಂಕ್ತಿಯಲ್ಲಿ ಎಲೆಯನ್ನೇ ನೋಡುತ್ತ ಕುಳಿತಿರುತ್ತಾರೆ.

ಆಯುರ್ವೇದ ವೈದ್ಯರೆಂದ ಮೇಲೆ ಎಲ್ಲರೂ ನಮ್ಮಲ್ಲಿ ಕೇಳುವುದು ಒಂದು ತೈಲವನ್ನು. ಸುಶ್ರುತರು 28 ಕರ್ಣರೋಗಗಳನ್ನು ಎಣಿಸಿದ್ದಾರೆ. ಅವುಗಳಲ್ಲಿ ಬಾಧಿರ್ಯವೂ ಒಂದು. ಆದರೆ ವೃದ್ಧರಲ್ಲಿ ಕಂಡುಬರುವ ಹಾಗೂ ಬಹುಕಾಲದಿಂದ ನೆಲೆನಿಂತ ಬಾಧಿರ್ಯವನ್ನು ಚಿಕಿತ್ಸೆಗೆ ಕೈಹಾಕದೆ ಬಿಡತಕ್ಕದ್ದೆಂದು ವಾಗ್ಭಟರು ಅಷ್ಟಾಂಗಹೃದಯದಲ್ಲಿ ಹೇಳಿದ್ದಾರೆ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ನಶಿಸಿದರೆ ಮತ್ತೆ ಹುಟ್ಟವೆಂಬುದು ಆಧುನಿಕ ವೈದ್ಯದ ಮಾತು. ಎರಡೂ ಶಾಸ್ತ್ರಗಳು ಒಂದೇ ಕಡೆಗೆ ಬೆರಳು ತೋರುವಾಗ ತೈಲದ ಆಸೆಯಲ್ಲಿ ವರ್ಷ ಕಳೆಯುವುದು ತರವಲ್ಲ. ಗುಗ್ಗೆ ಕಟ್ಟಿ ಬಂದ ಕಿವುಡು ಅದನ್ನು ತೆಗೆಸಿದರೆ ಹೋಗುತ್ತದೆ. ಕಿವಿ ಸೋರುತ್ತಿದ್ದರೆ ಅದಕ್ಕೆ ಬೇರೆ ಚಿಕಿತ್ಸೆಯುಂಟು. ಆದುದರಿಂದ ಮೊದಲು ಪರೀಕ್ಷೆ. ಒಂದೆರಡು ದಿನಗಳಲ್ಲಿ ಹಠಾತ್ತನೆ ಕೇಳಿಸದಾದರೆ ಮಾತ್ರ ಮನೆಮದ್ದಿಗೆ ಕಾಯದೆ ಅಂದೇ ಕಿವಿ, ಮೂಗು, ಗಂಟಲು ತಜ್ಞರನ್ನು ಕಾಣಬೇಕು.

ಶ್ರವಣಸಾಧನವನ್ನು ಕೊಂಡವರಲ್ಲಿ ಅನೇಕರ ಯಂತ್ರ ಕಪಾಟು ಸೇರಿರುವುದನ್ನು ನಾವು ಬಲ್ಲೆವು. ಒಬ್ಬ ತಾಯಿ ಅದನ್ನು ಬಂಗಾರದ ಸರದೊಂದಿಗೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದರು. ಕೇಳಿದರೆ, "ಬೆಲೆಬಾಳುವಂಥಾದ್ದಲ್ರೀ, ಕೆಟ್ಟುಗಿಟ್ಟೀತು" ಎಂದರು. ಮಿಕ್ಕವರು ಬಿಡುವುದು ಮೊದಲ ವಾರದ ಗದ್ದಲಕ್ಕೆ ಹೆದರಿ. ಬಹುಕಾಲ ಮೌನದಲ್ಲಿದ್ದ ಮಿದುಳಿಗೆ ಫ್ಯಾನಿನ ಸದ್ದು, ಪಾತ್ರೆಯ ಸದ್ದು, ಕಾಗದದ ಸರಪರ ಎಲ್ಲವೂ ಒಮ್ಮೆಲೇ ನುಗ್ಗುತ್ತವೆ. ಸ್ವಂತ ಧ್ವನಿಯೇ ಕೊಡದೊಳಗಿಂದ ಬಂದಂತೆ ಕೇಳುತ್ತದೆ. ಯಾವುದನ್ನು ಆಲಿಸಬೇಕು, ಯಾವುದನ್ನು ಬಿಡಬೇಕೆಂಬುದನ್ನು ಮಿದುಳು ಮತ್ತೆ ಕಲಿಯಬೇಕು. ಅದಕ್ಕೆ ಕೆಲವು ವಾರಗಳು ಹಿಡಿಯುತ್ತವೆ. ಮೊದಮೊದಲು ಮನೆಯ ನಿಶ್ಶಬ್ದ ಕೋಣೆಯಲ್ಲಿ ಒಬ್ಬರೊಡನೆ ಗಂಟೆ ಎರಡು ಗಂಟೆ ಧರಿಸಿ ಮಾತನಾಡಿ, ದಿನದಿನಕ್ಕೆ ಅವಧಿಯನ್ನು ಹೆಚ್ಚಿಸಬೇಕು. ಸಂತೆಗೂ ಜಾತ್ರೆಗೂ ಧರಿಸಿ ಹೋಗುವುದು ಆಮೇಲಿನ ಮಾತು. ಆಗಲೂ ಸದ್ದು ಕರ್ಕಶವೆನಿಸಿದರೆ ಶ್ರವಣತಜ್ಞರು ಯಂತ್ರವನ್ನು ಮತ್ತೆ ಹೊಂದಿಸಿಕೊಡುತ್ತಾರೆ. ಎರಡು ಮೂರು ಸಲ ಹೋಗಬೇಕಾದೀತು. ಪರೀಕ್ಷೆಯಿಲ್ಲದೆ ಅಂಗಡಿಯಲ್ಲಿ ಅಗ್ಗಕ್ಕೆ ಕೊಂಡದ್ದು ಎಲ್ಲ ಸದ್ದನ್ನೂ ಒಂದೇ ಸಮನೆ ಹಿಗ್ಗಿಸುತ್ತದೆ. ಅದನ್ನು ನಾವು ಶ್ರವಣಸಾಧನವೆಂದು ಕರೆಯಲಾರೆವು.

ಇನ್ನು ಆರೈಕೆ. ಈ ಯಂತ್ರದ ಶತ್ರುಗಳು ಗುಗ್ಗೆ, ಬೆವರು, ಎಣ್ಣೆ ಮತ್ತು ಪುಡಿ. ಕಡೆಯ ಎರಡು ನಮ್ಮ ಮನೆಗಳಲ್ಲಿ ಧಾರಾಳ. ತಲೆಗೆ ಎಣ್ಣೆ ಹಚ್ಚಿ, ಸ್ನಾನ ಮುಗಿಸಿ, ಕೂದಲು ಒಣಗಿದ ಮೇಲೆ ಯಂತ್ರವನ್ನು ಧರಿಸಬೇಕು. ವಿಭೂತಿ ಧಾರಣೆಯೂ ಅದಕ್ಕೆ ಮುನ್ನವೇ ಆಗಲಿ, ಕೈಯನ್ನು ಚೆನ್ನಾಗಿ ಒರೆಸಿಕೊಂಡಿರಲಿ. ನಯವಾದ ಭಸ್ಮ ಮೈಕಿನ ಸಣ್ಣ ರಂಧ್ರವನ್ನು ಮುಚ್ಚಬಲ್ಲದು. ಕರ್ಣಪೂರಣ ನಮ್ಮ ದಿನಚರ್ಯೆಯ ಅಂಗವೇ ಹೌದು. ಆದರೆ ಯಂತ್ರ ಧರಿಸುವವರು ವೈದ್ಯರಿಗೆ ಕಿವಿ ತೋರಿಸದೆ ಎಣ್ಣೆ ಬಿಡಬಾರದು. ತಮಟೆ ತೂತಾಗಿದ್ದರಂತೂ ಒಂದು ಹನಿಯೂ ಸಲ್ಲದು. ವೈದ್ಯರು ಒಪ್ಪಿದರೆ ರಾತ್ರಿ ಯಂತ್ರ ತೆಗೆದಿಟ್ಟ ಮೇಲೆ ಮಾಡಿಸಿಕೊಂಡು, ಬೆಳಿಗ್ಗೆ ಹೊರಗಿವಿಯನ್ನು ಒರೆಸಿ, ಜಿಡ್ಡು ಉಳಿಯದಿದ್ದರೆ ಮಾತ್ರ ಧರಿಸಬೇಕು.

ಪ್ರತಿರಾತ್ರಿ ಒಣ ಮೆತ್ತನೆಯ ಬಟ್ಟೆಯಿಂದ ಯಂತ್ರವನ್ನು ಒರೆಸಿ, ಜೊತೆಗೆ ಬಂದ ಸಣ್ಣ ಬ್ರಷ್‌ನಿಂದ ರಂಧ್ರಗಳ ಗುಗ್ಗೆಯನ್ನು ತೆಗೆಯಬೇಕು. ಸೂಜಿ, ಪಿನ್ನು ಬೇಡ. ಕಿವಿಯ ಹಿಂದೆ ಕೂರುವ ಬಗೆಯದಾದರೆ, ಅಚ್ಚು ಮತ್ತು ಕೊಳವೆಯನ್ನು ಯಂತ್ರದಿಂದ ಬಿಡಿಸಿ ವಾರಕ್ಕೊಮ್ಮೆ ಸಾಬೂನಿನ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಬಹುದು. ಯಂತ್ರಕ್ಕೆ ನೀರು ತಾಕಬಾರದು. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ತೇವ ಹೀರುವ ಸಿಲಿಕಾ ಹರಳುಗಳ ಡಬ್ಬಿಯಲ್ಲಿಡಲಿ. ಬಿಸಿಲಲ್ಲಿ, ಒಲೆಯ ಬಳಿ ಒಣಗಿಸಲಾಗದು. ಧರಿಸಿದಾಗ ಕುಂಯ್ ಎಂಬ ಸಿಳ್ಳು ಬಂದರೆ ಬಹುಮಟ್ಟಿಗೆ ಅಚ್ಚು ಸರಿಯಾಗಿ ಕೂತಿಲ್ಲ, ಇಲ್ಲವೇ ಕಿವಿಯಲ್ಲಿ ಗುಗ್ಗೆಯಿದೆ. ಕೆಂಪು ಗುರುತು ಬಲಗಿವಿಗೆ, ನೀಲಿ ಎಡಗಿವಿಗೆ.

ಬಿಲ್ಲೆಯಂಥ ಸತು-ಗಾಳಿ ಸೆಲ್ಲುಗಳು ಗಾಳಿ ಸೋಕಿದ ಮೇಲೆ ಕೆಲಸ ಮಾಡುವಂಥವು. ಅಂಟುಕಾಗದ ಕಿತ್ತು ಒಂದೆರಡು ನಿಮಿಷ ಬಿಟ್ಟು ಹಾಕಬೇಕು. ಮತ್ತೆ ಅಂಟಿಸಿದರೂ ಅದರ ಶಕ್ತಿ ಉಳಿಯದು, ಆದ್ದರಿಂದ ಬೇಕಾದಾಗಲೇ ಕೀಳಬೇಕು. ರಾತ್ರಿ ಸೆಲ್ಲಿನ ಬಾಗಿಲನ್ನು ತೆರೆದಿಡಬೇಕು. ಹಳೆಯದು ಮಕ್ಕಳ ಕೈಗೆ ಸಿಗದಿರಲಿ. ನುಂಗಿದರೆ ಪ್ರಾಣಕ್ಕೆ ಅಪಾಯ, ತಕ್ಷಣ ಆಸ್ಪತ್ರೆಗೆ ಒಯ್ಯಬೇಕು.

ಮನೆಯವರಿಗೂ ಒಂದು ಮಾತು. ಕಿರುಚಿದರೆ ಮಾತು ಒಡೆದು ಇನ್ನಷ್ಟು ಅಸ್ಪಷ್ಟವಾಗುತ್ತದೆ. ಮುಂದೆ ಬಂದು, ಮುಖಕ್ಕೆ ಬೆಳಕು ಬೀಳುವಂತೆ ನಿಂತು, ಟಿವಿ ಆರಿಸಿ, ನಿಧಾನವಾಗಿ ಹೇಳಿರಿ. ತಿಳಿಯದಿದ್ದರೆ ಅದನ್ನೇ ಮೂರು ಸಲ ಹೇಳುವ ಬದಲು ಬೇರೆ ಪದಗಳಲ್ಲಿ ಹೇಳಿರಿ. "ಏನಿಲ್ಲ ಬಿಡಜ್ಜ" ಎಂಬ ಉತ್ತರ ಅವರನ್ನು ಬಹಳ ನೋಯಿಸುತ್ತದೆಂದು ನಮಗೆ ಅನೇಕ ಹಿರಿಯರು ಹೇಳಿಕೊಂಡಿದ್ದಾರೆ.

ಹಣದ ಅಡಚಣೆಯುಳ್ಳವರು ಕೇಂದ್ರ ಸರ್ಕಾರದ ರಾಷ್ಟ್ರೀಯ ವಯೋಶ್ರೀ ಯೋಜನೆಯ ಬಗ್ಗೆ ವಿಚಾರಿಸಬಹುದು. 2017ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ಬಡ ಹಿರಿಯ ನಾಗರಿಕರಿಗೆ ಕೊಡುವ ಸಾಧನಗಳಲ್ಲಿ ಶ್ರವಣಸಾಧನವೂ ಸೇರಿದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆಯೂ ಯಂತ್ರದ ಹೊಂದಾಣಿಕೆಯೂ ಒಂದೇ ಆವರಣದಲ್ಲಿ ಆಗುತ್ತವೆ. ಹೋಗುವಾಗ ಮನೆಯವರೊಬ್ಬರು ಜೊತೆಗಿರಲಿ, ಹಳೆಯ ಯಂತ್ರವಿದ್ದರೆ ಅದನ್ನೂ ಒಯ್ಯಲಿ.