ಅನ್ನದೊಳಗಿನ ಸಕ್ಕರೆ

ಸಾರು, ಪಲ್ಯ, ಮೊಸರು ಯಾವುದನ್ನೂ ಬೆರೆಸದ ಒಂದು ತುತ್ತು ಅನ್ನವನ್ನು ಬಾಯಲ್ಲಿಟ್ಟು, ನುಂಗದೆ ಎರಡು ಮೂರು ನಿಮಿಷ ಅಗಿಯುತ್ತಿದ್ದರೆ, ಮೊದಲು ಸಪ್ಪೆಯಾಗಿದ್ದ ಅದು ಮೆಲ್ಲಮೆಲ್ಲನೆ ಸಿಹಿಯಾಗತೊಡಗುತ್ತದೆ. ಆ ಅನ್ನಕ್ಕೆ ಯಾರೂ ಸಕ್ಕರೆಯನ್ನು ಹಾಕಿರುವುದಿಲ್ಲ. ಜೊಲ್ಲಿನಲ್ಲಿರುವ ಒಂದು ಕಿಣ್ವವು ಅಕ್ಕಿಯ ಪಿಷ್ಟವನ್ನು ಒಡೆದು ಅದರಿಂದ ಸಕ್ಕರೆಯನ್ನು ಹೊರತರುತ್ತದೆ. ಬಾಯಲ್ಲಿ ಆರಂಭವಾದ ಈ ಕಾರ್ಯವು ಸಣ್ಣ ಕರುಳಿನಲ್ಲಿ ಮುಗಿಯುತ್ತದೆ. ಅನ್ನವಾಗಲಿ, ಮುದ್ದೆಯಾಗಲಿ, ರೊಟ್ಟಿಯಾಗಲಿ, ಅದರಲ್ಲಿರುವ ಪಿಷ್ಟದ ಬಹುಭಾಗವು ಕೊನೆಗೆ ಗ್ಲೂಕೋಸ್ ಎಂಬ ಸರಳ ಸಕ್ಕರೆಯಾಗಿ ರಕ್ತವನ್ನು ಸೇರುತ್ತದೆ.

ಈ ಸಂಗತಿಯನ್ನು ಅರಿಯದೆ ಮಧುಮೇಹಿಗಳು ಪಡುವ ಪಾಡು ಒಂದೆರಡಲ್ಲ. ಜನರು ಈ ರೋಗವನ್ನು 'ಸಕ್ಕರೆ ಕಾಯಿಲೆ' ಎಂದು ಕರೆಯುತ್ತಾರೆ. ಹೆಸರು ಸುಳ್ಳಲ್ಲ; ಆದರೆ ದಾರಿ ತಪ್ಪಿಸುವಂಥದು. ವೈದ್ಯರ ಬಾಯಿಂದ ರೋಗದ ಹೆಸರನ್ನು ಕೇಳಿದ ದಿನವೇ ಕಾಫಿಗೆ ಸಕ್ಕರೆ ನಿಲ್ಲುತ್ತದೆ. ಹಬ್ಬದ ಹೋಳಿಗೆಯೂ ನಿಲ್ಲುತ್ತದೆ. ಬೆಳಗಿನ ಆರು ಇಡ್ಲಿ, ಮಧ್ಯಾಹ್ನದ ತಟ್ಟೆ ತುಂಬ ಅನ್ನ, ರಾತ್ರಿ ಮತ್ತೆ ಅನ್ನ, ಇವು ಮಾತ್ರ ಎಂದಿನಂತೆ ನಡೆಯುತ್ತವೆ. ಕೆಲವು ತಿಂಗಳ ಬಳಿಕ ಪರೀಕ್ಷೆ ಮಾಡಿಸಿದರೆ ರಕ್ತದ ಸಕ್ಕರೆ ಇಳಿದಿರುವುದಿಲ್ಲ. "ಒಂದು ಚೂರು ಸಿಹಿಯನ್ನೂ ಮುಟ್ಟಲಿಲ್ಲವಲ್ಲ!" ಎಂದು ರೋಗಿಯು ನೊಂದುಕೊಳ್ಳುತ್ತಾನೆ. ಅವನು ಹೇಳುವುದು ನಿಜವೇ. ಅವನ ನಾಲಗೆ ಸಿಹಿಯನ್ನು ಕಂಡಿಲ್ಲ. ರಕ್ತ ಮಾತ್ರ ದಿನಕ್ಕೆ ಮೂರು ಸಲ ಕಂಡಿದೆ.

ಇದನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ವಯಸ್ಕನ ದೇಹದಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ಆರೋಗ್ಯವಂತನ ರಕ್ತವನ್ನು ಬೆಳಗ್ಗೆ ಬರಿಹೊಟ್ಟೆಯಲ್ಲಿ ಪರೀಕ್ಷಿಸಿದರೆ 100 ಮಿಲಿಲೀಟರಿಗೆ 70ರಿಂದ 100 ಮಿಲಿಗ್ರಾಂನಷ್ಟು ಗ್ಲೂಕೋಸ್ ಕಂಡುಬರುತ್ತದೆ. ಈ ಪ್ರಕಾರ ಗುಣಿಸಿ ನೋಡಿದರೆ ಇಡೀ ದೇಹದ ರಕ್ತದಲ್ಲಿರುವ ಸಕ್ಕರೆಯು ಹೆಚ್ಚೆಂದರೆ 5 ಗ್ರಾಂ, ಅಂದರೆ ಒಂದು ಟೀ ಚಮಚ! ಇನ್ನು ಅಕ್ಕಿಯ ಕಡೆಗೆ ನೋಡೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದಂತೆ, 100 ಗ್ರಾಂ ಬಿಳಿ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಶರ್ಕರಪಿಷ್ಟವಿದೆ. ಹಸಿದವನೊಬ್ಬನು ಒಂದು ಹೊತ್ತಿಗೆ ಅಷ್ಟು ಅಕ್ಕಿಯ ಅನ್ನವನ್ನು ಉಣ್ಣುವುದು ಅಚ್ಚರಿಯಲ್ಲ. ಒಂದು ಚಮಚ ಸಕ್ಕರೆಯಿರುವ ಕೊಳಕ್ಕೆ ಒಂದೇ ಊಟದಿಂದ ಹದಿನೈದು ಚಮಚ ಸಕ್ಕರೆ ಹರಿದುಬಂದಂತಾಯಿತು.

ಆದರೂ ಆರೋಗ್ಯವಂತನಲ್ಲಿ ಕೊಳವು ಕೋಡಿ ಬೀಳುವುದಿಲ್ಲ. ಊಟವಾಗಿ ಎರಡು ಗಂಟೆ ಕಳೆಯುವುದರೊಳಗೆ ಸಕ್ಕರೆಯ ಮಟ್ಟವು 140 ಮಿಲಿಗ್ರಾಂಗಿಂತ ಕೆಳಗೆ ಇಳಿದಿರುತ್ತದೆ. ಜಠರದ ಹಿಂಬದಿಯಲ್ಲಿರುವ ಮೇದೋಜೀರಕ ಗ್ರಂಥಿಯು ಸ್ರವಿಸುವ ಇನ್ಸುಲಿನ್ ಎಂಬ ರಸವೇ ಇದಕ್ಕೆ ಕಾರಣ. ಇದು ಸ್ನಾಯು ಮತ್ತು ಕೊಬ್ಬಿನ ಕೋಶಗಳ ಬಾಗಿಲನ್ನು ತೆರೆದು ಗ್ಲೂಕೋಸನ್ನು ಒಳಗೆ ಬಿಡುತ್ತದೆ. ಮಿಕ್ಕದ್ದನ್ನು ಕೂಡಿಡುವಂತೆ ಯಕೃತ್ತಿಗೆ ಆಜ್ಞೆ ಮಾಡುತ್ತದೆ. ಕೆಲವರಲ್ಲಿ, ಮುಖ್ಯವಾಗಿ ಮಕ್ಕಳಲ್ಲಿ ಮತ್ತು ಎಳೆಯರಲ್ಲಿ, ಇನ್ಸುಲಿನ್ ತಯಾರಿಸುವ ಕೋಶಗಳೇ ನಾಶವಾಗುತ್ತವೆ. ಬಹುಮಂದಿ ಮಧುಮೇಹಿಗಳಲ್ಲಿ ಹಾಗಲ್ಲ. ಇನ್ಸುಲಿನ್ ಇದ್ದರೂ ಕೋಶಗಳು ಅದರ ಮಾತನ್ನು ಸರಿಯಾಗಿ ಕೇಳುವುದಿಲ್ಲ, ಬರಬರುತ್ತ ಗ್ರಂಥಿಯೂ ದಣಿಯುತ್ತದೆ. ಎರಡರ ಫಲವೂ ಒಂದೇ: ಸಕ್ಕರೆಯು ರಕ್ತದಲ್ಲಿಯೇ ಉಳಿಯುತ್ತದೆ.

ಈ ರೋಗ ಹೊಸದೇನಲ್ಲ. ಚರಕ ಸುಶ್ರುತರ ಸಂಹಿತೆಗಳಲ್ಲಿಯೇ 'ಮಧುಮೇಹ' ಎಂಬ ಹೆಸರಿದೆ. ರೋಗಿಯ ಮೂತ್ರಕ್ಕೆ ಇರುವೆ ಮುತ್ತುವುದನ್ನು ಪ್ರಾಚೀನ ವೈದ್ಯರು ಗಮನಿಸಿದ್ದರು. 1889ರಲ್ಲಿ ಮಿಂಕೋವ್ಸ್ಕಿ ಮತ್ತು ಫಾನ್ ಮೆರಿಂಗ್ ಎಂಬ ವಿಜ್ಞಾನಿಗಳು ನಾಯಿಯ ಮೇದೋಜೀರಕ ಗ್ರಂಥಿಯನ್ನು ತೆಗೆದುಹಾಕಿದಾಗ ಅದಕ್ಕೆ ಮಧುಮೇಹ ಬಂದುದನ್ನು ಕಂಡರು. 1921ರಲ್ಲಿ ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಆ ಗ್ರಂಥಿಯಿಂದ ಇನ್ಸುಲಿನ್ನನ್ನು ಬೇರ್ಪಡಿಸಿದರು. ಮರುವರ್ಷದ ಜನವರಿಯಲ್ಲಿ, ಸಾವಿನ ಅಂಚಿನಲ್ಲಿದ್ದ 14 ವರ್ಷದ ಬಾಲಕನೊಬ್ಬನು ಅದರಿಂದ ಬದುಕಿಕೊಂಡನು. ಬ್ಯಾಂಟಿಂಗ್ ಹುಟ್ಟಿದ್ದು 1891ರ ನವೆಂಬರ್ 14ರಂದು. ಭಾರತದಲ್ಲಿ ಮಕ್ಕಳ ದಿನವಾದ ಅದೇ ದಿನ ವಿಶ್ವ ಮಧುಮೇಹ ದಿನವೂ ಆಗಿರುವುದು ಈ ಕಾರಣದಿಂದ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯು ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆಂದು ಅಂದಾಜು ಮಾಡಿದೆ. ಇವರಲ್ಲಿ ಅನೇಕರಿಗೆ ಹೇಳಿಕೊಳ್ಳುವಂಥ ನೋವೇ ಇರುವುದಿಲ್ಲ. ರೋಗದ ಅಪಾಯವಿರುವುದೂ ಅಲ್ಲಿಯೇ. ಹೆಚ್ಚಾದ ಸಕ್ಕರೆಯು ವರ್ಷಗಟ್ಟಲೆ ಸದ್ದಿಲ್ಲದೆ ಸಣ್ಣ ರಕ್ತನಾಳಗಳನ್ನೂ ನರಗಳನ್ನೂ ಕೆಡಿಸುತ್ತ ಹೋಗುತ್ತದೆ. ಒಂದು ದಿನ ಕಣ್ಣು ಮಂಜಾಗುತ್ತದೆ, ಮೂತ್ರಪಿಂಡ ಸೋಲುತ್ತದೆ, ಕಾಲಿಗೆ ಚುಚ್ಚಿದ ಮುಳ್ಳು ಅರಿವಿಗೇ ಬಾರದೆ ವ್ರಣವಾಗಿ, ಕಾಲನ್ನೇ ತೆಗೆಯಬೇಕಾಗುತ್ತದೆ.

ಔಷಧವನ್ನು ಕೊಡುವುದು ವೈದ್ಯರ ಕೆಲಸ. ರಕ್ತಕ್ಕೆ ಎಷ್ಟು ಸಕ್ಕರೆ ಹರಿದುಬರಬೇಕು, ಎಷ್ಟು ವೇಗದಲ್ಲಿ ಬರಬೇಕು ಎಂಬುದು ಮಾತ್ರ ಬಹುಮಟ್ಟಿಗೆ ಅಡುಗೆಮನೆಯಲ್ಲಿ ನಿರ್ಧಾರವಾಗುತ್ತದೆ. ವೇಗದ ಪ್ರಶ್ನೆಯನ್ನು ಮೊದಲು ಅಂಕಿಗಳಲ್ಲಿ ಇಟ್ಟವರು ಟೊರಾಂಟೊದ ಡೇವಿಡ್ ಜೆಂಕಿನ್ಸ್ ಮತ್ತು ಅವರ ಸಂಗಡಿಗರು. ಬೇರೆ ಬೇರೆ ಆಹಾರಗಳನ್ನು ಸಮಪ್ರಮಾಣದ ಶರ್ಕರಪಿಷ್ಟ ಇರುವಂತೆ ಅಳೆದು ಉಣಬಡಿಸಿ, ಅನಂತರ ರಕ್ತದ ಸಕ್ಕರೆ ಏರುವುದನ್ನು ಅವರು ಪರೀಕ್ಷಿಸಿದರು. ಗ್ಲೂಕೋಸಿಗೆ 100 ಅಂಕವೆಂದಿಟ್ಟುಕೊಂಡು ಉಳಿದವುಗಳಿಗೆ ಅಂಕಗಳನ್ನು ಕೊಟ್ಟು 1981ರಲ್ಲಿ ಪ್ರಕಟಿಸಿದರು. ಇದಕ್ಕೆ ಗ್ಲೈಸೀಮಿಕ್ ಸೂಚ್ಯಂಕವೆಂದು ಹೆಸರು. ಆ ಪಟ್ಟಿಯಲ್ಲಿ ಬಿಳಿ ಬ್ರೆಡ್ಡು ಮತ್ತು ಅನ್ನದ ಅಂಕಗಳು ಸಕ್ಕರೆಯ ಅಂಕಕ್ಕಿಂತ ಮೇಲಿದ್ದುದನ್ನು ನೋಡಿ ಅನೇಕರು ಬೆರಗಾದರು. ಕಾಳುಗಳ ಅಂಕವು ತೀರ ಕೆಳಗಿತ್ತು. ಇದರಿಂದ ಸಕ್ಕರೆ ಒಳ್ಳೆಯದೆಂದು ಯಾರೂ ತಿಳಿಯಬೇಕಾಗಿಲ್ಲ. ಅನ್ನ ನಿರಪಾಯವಲ್ಲವೆಂದಷ್ಟೇ ತಿಳಿಯಬೇಕು.

ಹಾಗಾದರೆ ರಾಗಿ? ಕನ್ನಡ ನಾಡಿನಲ್ಲಿ ಈ ಪ್ರಶ್ನೆಗೆ ಹಳೆಯ ಇತಿಹಾಸವಿದೆ. ಕನಕದಾಸರ 'ರಾಮಧಾನ್ಯ ಚರಿತೆ'ಯಲ್ಲಿ ಭತ್ತಕ್ಕೂ ರಾಗಿಗೂ ಜಗಳವಾಗಿ, ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟು ನೋಡಿದಾಗ ಕೆಡದೆ ಉಳಿದ ರಾಗಿಗೆ ಶ್ರೀರಾಮನಿಂದ ಮನ್ನಣೆ ದೊರೆಯುತ್ತದೆ. ಮಧುಮೇಹದ ನ್ಯಾಯಾಸ್ಥಾನದಲ್ಲಿ ಅದೇ ವ್ಯಾಜ್ಯ ವಿಚಾರಣೆಗೆ ಬಂದರೆ ತೀರ್ಪು ಅಷ್ಟು ಸುಲಭವಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ ಶರ್ಕರಪಿಷ್ಟವೂ 11 ಗ್ರಾಂ ನಾರೂ ಇವೆ. ಅಕ್ಕಿಯಲ್ಲಿ ನಾರು 3 ಗ್ರಾಂಗಿಂತ ಕಡಿಮೆ. ನಾರು ಜೀರ್ಣವಾಗದೆ ಉಳಿದು ಸಕ್ಕರೆಯ ಹರಿವನ್ನು ನಿಧಾನಗೊಳಿಸುತ್ತದೆ. ಸುಣ್ಣದ ಅಂಶವೂ ರಾಗಿಯಲ್ಲಿ ಬಹಳ ಹೆಚ್ಚು. ಇಷ್ಟರಮಟ್ಟಿಗೆ ರಾಗಿಯದೇ ಮೇಲುಗೈ. ಆದರೆ 67 ಗ್ರಾಂ ಎಂಬುದು ಸಣ್ಣ ಮೊತ್ತವಲ್ಲ. ಮೇಲಾಗಿ ಧಾನ್ಯವನ್ನು ನುಣ್ಣಗೆ ಬೀಸಿ, ನೀರಿನಲ್ಲಿ ಚೆನ್ನಾಗಿ ಬೇಯಿಸಿದಾಗ ಪಿಷ್ಟದ ಕಣಗಳು ಉಬ್ಬಿ ಬಿರಿಯುತ್ತವೆ. ಅವುಗಳನ್ನು ಒಡೆಯುವುದು ಕಿಣ್ವಗಳಿಗೆ ಸಲೀಸಾಗುತ್ತದೆ. ಈ ಕಾರಣದಿಂದ ಅಗಿದು ತಿನ್ನುವ ರೊಟ್ಟಿಗಿಂತ ಕುಡಿಯುವ ಗಂಜಿಯು ಬೇಗ ಸಕ್ಕರೆಯನ್ನು ಏರಿಸುವುದುಂಟು. ಅನ್ನವನ್ನು ಬಿಟ್ಟು, 'ರಾಗಿಯಲ್ಲವೇ' ಎಂಬ ಧೈರ್ಯದಿಂದ ದೊಡ್ಡ ದೊಡ್ಡ ಎರಡು ಮುದ್ದೆಗಳನ್ನು ಇಳಿಸುವವನು ತನಗೆ ತಾನೇ ಮೋಸ ಮಾಡಿಕೊಳ್ಳುತ್ತಾನೆ. ಒಂದು ಸಣ್ಣ ಮುದ್ದೆಯನ್ನು ಸೊಪ್ಪಿನ ಬಸ್ಸಾರು, ಹುರುಳಿ ಇಲ್ಲವೆ ಅವರೆಕಾಳಿನ ಸಾರಿನೊಡನೆ ಉಣ್ಣುವ ಹಳ್ಳಿಯ ಪದ್ಧತಿ ಮಾತ್ರ ನಿಜವಾಗಿ ಜಾಣತನದ್ದು.

ಇಂಥ ಧೈರ್ಯಗಳು ಇನ್ನೂ ಕೆಲವಿವೆ. ಸಕ್ಕರೆಯ ಬದಲು ಬೆಲ್ಲ ಹಾಕಿದರೆ ದೋಷವಿಲ್ಲವೆಂಬುದು ಒಂದು. ಬೆಲ್ಲವೂ ಕಬ್ಬಿನ ಸಕ್ಕರೆಯೇ, ಬಣ್ಣ ಬೇರೆ. ಜೇನುತುಪ್ಪವೂ ಬಹುಪಾಲು ಸಕ್ಕರೆಯೇ. ಇಡಿಯ ಹಣ್ಣನ್ನು ಮಿತವಾಗಿ ತಿನ್ನುವುದಕ್ಕೂ ಅದೇ ಹಣ್ಣನ್ನು ಹಿಂಡಿ ರಸ ಕುಡಿಯುವುದಕ್ಕೂ ವ್ಯತ್ಯಾಸವಿದೆ: ನಾಲ್ಕು ಕಿತ್ತಳೆಯ ಸಕ್ಕರೆ ಲೋಟಕ್ಕೆ ಬರುತ್ತದೆ, ನಾರು ತಿಪ್ಪೆಗೆ ಹೋಗುತ್ತದೆ. ಉಪವಾಸದ ದಿನದ ಫಲಾಹಾರವಂತೂ ವಿಚಿತ್ರ. ಅನ್ನವನ್ನು ಬಿಟ್ಟವರು ಅವಲಕ್ಕಿಯನ್ನೋ ಸಬ್ಬಕ್ಕಿಯ ಉಪ್ಪಿಟ್ಟನ್ನೋ ತಿನ್ನುತ್ತಾರೆ. ಅವಲಕ್ಕಿಯು ಚಪ್ಪಟೆಯಾದ ಅಕ್ಕಿ. ಸಬ್ಬಕ್ಕಿಯು ಬಹುತೇಕ ಶುದ್ಧ ಪಿಷ್ಟ. ವ್ರತಕ್ಕೆ ಭಂಗ ಬಾರದಿರಬಹುದು, ರಕ್ತದ ಸಕ್ಕರೆಗೆ ಉಪವಾಸವಾಗುವುದಿಲ್ಲ. ಹಾಗಲಕಾಯಿಯ ರಸ, ಮೆಂತ್ಯದ ನೀರುಗಳನ್ನು ನಂಬಿ ವೈದ್ಯರ ಔಷಧವನ್ನು ನಿಲ್ಲಿಸುವುದು ಇವೆಲ್ಲಕ್ಕಿಂತ ದೊಡ್ಡ ಅಪಾಯ. ಮೆಂತ್ಯದ ನಾರು ಸಕ್ಕರೆಯ ಏರಿಕೆಯನ್ನು ತುಸು ತಡೆಯಬಲ್ಲದು. ಔಷಧದ ಸ್ಥಾನವನ್ನು ತುಂಬಲಾರದು.

ಮಧುಮೇಹಿಯು ಮನೆಮಂದಿಯಿಂದ ಬೇರೆಯಾಗಿ ಕುಳಿತು ಉಣ್ಣಬೇಕಾಗಿಲ್ಲ. ಮದುವೆಯ ಎಲೆಯ ಮೇಲೆ ಮೊದಲು ಬಡಿಸುವ ಕೋಸಂಬರಿ, ಪಲ್ಯಗಳನ್ನು ಜನರು ಬೆರಳಂಚಿನಿಂದ ಮುಟ್ಟಿ ಅನ್ನಕ್ಕೆ ಕಾಯುತ್ತಾರೆ. ನೆನೆದ ಹೆಸರುಬೇಳೆ, ಸೌತೆಕಾಯಿ, ತರಕಾರಿಗಳಿಂದಲೇ ಹೊಟ್ಟೆಯನ್ನು ಅರ್ಧ ತುಂಬಿ ಬಳಿಕ ಅನ್ನಕ್ಕೆ ಕೈಹಾಕಿದರೆ ಸಕ್ಕರೆಯ ಏರಿಕೆ ತಗ್ಗುತ್ತದೆಂದು ಇತ್ತೀಚಿನ ಪ್ರಯೋಗಗಳು ತೋರಿಸಿವೆ. ಬೇಳೆ, ಮೊಸರು, ಮೊಟ್ಟೆ, ಮೀನುಗಳಲ್ಲಿರುವ ಸಸಾರಜನಕವೂ ಹೀಗೆಯೇ ನೆರವಾಗುತ್ತದೆ. ಕರಿದ ತಿಂಡಿಯ ಎಣ್ಣೆಯು ಸಕ್ಕರೆಯನ್ನು ತಕ್ಷಣ ಏರಿಸದು ನಿಜ. ಆದರೆ ದೇಹಕ್ಕೆ ಬೊಜ್ಜು ಸೇರಿಸಿ ಇನ್ಸುಲಿನ್ನಿನ ಮಾತನ್ನು ಕೋಶಗಳು ಇನ್ನಷ್ಟು ಕೇಳದಂತೆ ಮಾಡುತ್ತದೆ. ಊಟವಾದ ಮೇಲೆ ಮಲಗುವುದಕ್ಕಿಂತ ಹತ್ತು ಹದಿನೈದು ನಿಮಿಷ ನಡೆಯುವುದು ಲೇಸು. ದುಡಿಯುವ ಸ್ನಾಯುಗಳು ಇನ್ಸುಲಿನ್ನಿನ ಅಪ್ಪಣೆಗೂ ಕಾಯದೆ ಗ್ಲೂಕೋಸನ್ನು ಎಳೆದುಕೊಳ್ಳುತ್ತವೆ. ಇನ್ನು 'ಒಂದೇ ಒಂದು' ಎಂದು ಒತ್ತಾಯಿಸಿ ಜಿಲೇಬಿ ಬಡಿಸುವ ಆತಿಥೇಯರಿದ್ದಾರೆ. ಅವರ ಪ್ರೀತಿ ದೊಡ್ಡದು, ವಿವೇಕ ಸಣ್ಣದು.

ಸಕ್ಕರೆ ಹೆಚ್ಚಾಗುವುದೊಂದೇ ಮಧುಮೇಹಿಯ ಆತಂಕವಲ್ಲ. ಇನ್ಸುಲಿನ್ನನ್ನು ಇಲ್ಲವೆ ಕೆಲವು ಬಗೆಯ ಮಾತ್ರೆಗಳನ್ನು ತೆಗೆದುಕೊಂಡವನು ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ, ಅಥವಾ ಎಂದಿಗಿಂತ ಹೆಚ್ಚು ದುಡಿದರೆ, ರಕ್ತದ ಸಕ್ಕರೆಯು 70 ಮಿಲಿಗ್ರಾಂಗಿಂತ ಕೆಳಗೆ ಜಾರುತ್ತದೆ. ಆಗ ಮೈ ಬೆವರುತ್ತದೆ, ಕೈ ನಡುಗುತ್ತದೆ, ಎದೆ ಬಡಿದುಕೊಳ್ಳುತ್ತದೆ, ಮಾತು ತಡವರಿಸುತ್ತದೆ. ಇಷ್ಟು ಹೊತ್ತು ಹೇಳಿದ ನಿಯಮ ಇಲ್ಲಿ ತಲೆಕೆಳಗಾಗುತ್ತದೆ. ಬೇಕಾಗಿರುವುದು ಅತಿವೇಗದ ಸಕ್ಕರೆ. ಮೂರು ನಾಲ್ಕು ಚಮಚ ಸಕ್ಕರೆಯನ್ನೋ ಗ್ಲೂಕೋಸನ್ನೋ ನೀರಿನಲ್ಲಿ ಕದಡಿ ಒಡನೆಯೇ ಕುಡಿಸಬೇಕು. ಕಾಲು ಗಂಟೆಯಲ್ಲಿ ಚೇತರಿಕೆ ಕಾಣದಿದ್ದರೆ ಇನ್ನೊಮ್ಮೆ ಕೊಡಬೇಕು. ತುಪ್ಪದ ಲಾಡು, ಚಾಕೊಲೇಟುಗಳು ಇದಕ್ಕೆ ತಕ್ಕವಲ್ಲ. ಅವುಗಳ ಕೊಬ್ಬು ಸಕ್ಕರೆಯನ್ನು ತಡಮಾಡಿಸುತ್ತದೆ. ಪ್ರಜ್ಞೆ ತಪ್ಪಿದವನ ಬಾಯಿಗೆ ಮಾತ್ರ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ದಿನವೂ ಇನ್ಸುಲಿನ್ ಚುಚ್ಚಿಸಿಕೊಂಡು ಶಾಲೆಗೆ ಬರುವ ಹುಡುಗ ಹುಡುಗಿಯರು ಅನೇಕರಿದ್ದಾರೆ. ಅವರ ಚೀಲದಲ್ಲಿ ಗ್ಲೂಕೋಸಿನ ಪೊಟ್ಟಣ ಇರಲೇಬೇಕು. ಆಟದ ಅವಧಿ ಮುಗಿದು ತರಗತಿಗೆ ಬಂದ ಅಂಥ ವಿದ್ಯಾರ್ಥಿಯೊಬ್ಬನು ಬೆವರುತ್ತ ಮಂಕಾಗಿ ಕುಳಿತರೆ ಅದು ಆಲಸ್ಯವಲ್ಲ; ಪಾಠದ ನಡುವೆ ಅವನು ಪೊಟ್ಟಣ ಬಿಚ್ಚಿ ಬಾಯಿಗೆ ಹಾಕಿಕೊಂಡರೆ ಅದು ಅಶಿಸ್ತೂ ಅಲ್ಲ. ಅವನಿಗೆ ಕೈ ನಡುಗಿ ಪೊಟ್ಟಣ ಬಿಚ್ಚಲಾಗದಿದ್ದಾಗ, ಅದನ್ನು ಬಿಚ್ಚಿಕೊಡಬೇಕಾದವನು ಪಕ್ಕದಲ್ಲಿ ಕುಳಿತ ಗೆಳೆಯ.